ಕುಮಟಾದಿಂದ ಗೋಕರ್ಣಕ್ಕೆ ಕಡಲಂಚಿನ ಕಾಲ್ನಡಿಗೆ: ಎರಡು ದಿನಗಳ ಸಮಗ್ರ ಮಾರ್ಗದರ್ಶಿ

ಕುಮಟಾದ ವನ್ನಳ್ಳಿಯಿಂದ ಗೋಕರ್ಣದವರೆಗೆ ಕಡಲ ಪಕ್ಕದಲ್ಲೇ ನಡೆದರೆ ಹೆಚ್ಚುಕಡಿಮೆ 25 ಕಿ.ಮೀ. ಆಗುತ್ತದೆ. ಡಾಂಬರು ರಸ್ತೆಯಾಗಿದ್ದರೆ ಗಟ್ಟಿ ಕಾಲಿನವರಿಗೆ ಒಂದೇ ದಿನದ ಮಾತು. ಇಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಮರಳು, ಚಿರೆಕಲ್ಲಿನ ಗುಡ್ಡ, ನೀರಿಗೆ ಚಾಚಿದ ಕರಿಬಂಡೆ, ನಡುವೆ ದೋಣಿಯಲ್ಲೇ ದಾಟಬೇಕಾದ ಅಘನಾಶಿನಿ ಅಳಿವೆ (ನದಿ ಕಡಲು ಸೇರುವ ಬಾಯಿ), ಹೀಗೆ ಒಂದೊಂದು ತುಂಡಿಗೂ ಒಂದೊಂದು ವೇಗ. ಒಂದೇ ದಿನದಲ್ಲಿ ಮುಗಿಸುತ್ತೇವೆಂದು ಹೊರಟವರಿಗೆ ಕತ್ತಲಾಗುವುದು ಗೋಕರ್ಣದ ಹತ್ತಿರದ ಪ್ಯಾರಡೈಸ್ ಮತ್ತು ಹಾಫ್ ಮೂನ್ ಬೀಚುಗಳ ನಡುವಿನ ಗುಡ್ಡದಲ್ಲಿ. ಇಡೀ ದಾರಿಯಲ್ಲಿ ಕತ್ತಲಲ್ಲಿ ಇರಲೇಬಾರದ ಜಾಗ ಅದೇ.

ಆದ್ದರಿಂದ ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ವನ್ನಳ್ಳಿಯಿಂದ ಅಘನಾಶಿನಿ ಊರಿನವರೆಗೆ ನಡೆದು, ದೋಣಿ ಹತ್ತಿ ಎದುರು ದಡದ ತದಡಿಗೆ ಬಂದು, ಅಲ್ಲಿಂದ ಬಸ್ಸಿನಲ್ಲೋ ಆಟೋದಲ್ಲೋ ಗೋಕರ್ಣಕ್ಕೆ ಹೋಗಿ ಮಲಗುವುದು. ಎರಡನೆಯ ದಿನ ಬೆಳಗ್ಗೆ ತದಡಿಗೆ ವಾಪಸು ಬಂದು, ಬಿಟ್ಟಲ್ಲಿಂದ ಗೋಕರ್ಣಕ್ಕೆ ನಡೆಯುವುದು. ಟೆಂಟು ಹೊರುವ ಕೆಲಸವಿಲ್ಲ, ಮರಳ ಮೇಲೆ ರಾತ್ರಿ ಕಳೆಯಲು ಯಾರ ಅನುಮತಿಗೂ ಅಲೆಯಬೇಕಿಲ್ಲ, ಎರಡನೆಯ ದಿನ ಬೆನ್ನ ಮೇಲೆ ನೀರು-ಬುತ್ತಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಕಷ್ಟದ ಗುಡ್ಡಗಳೆಲ್ಲ ಎರಡನೆಯ ದಿನವೇ ಬರುವುದರಿಂದ ಹಗುರ ಚೀಲದ ಬೆಲೆ ಆಗ ಗೊತ್ತಾಗುತ್ತದೆ.

ದಿಕ್ಕು ಕೂಡ ಬೇಕೆಂದೇ ಹೀಗಿದೆ. ಕುಮಟಾಕ್ಕೆ ಬಸ್ಸು, ರೈಲು ಎರಡೂ ಸುಲಭ, ಹಾಗಾಗಿ ಬೆಳಗ್ಗೆ ಬೇಗ ಹೊರಡಬಹುದು. ದಣಿದು ಮುಗಿಸುವ ಹೊತ್ತಿಗೆ ಊಟ, ಕೋಣೆ, ಸಿಹಿನೀರು ಎಲ್ಲ ಇರುವ ಗೋಕರ್ಣ ಎದುರಾಗುತ್ತದೆ.

ದಿನ ಗೊತ್ತುಮಾಡುವುದು

ತಿಂಗಳ ಮಾತು ಸುಲಭ. ನವೆಂಬರ್‌ನಿಂದ ಫೆಬ್ರವರಿ. ಅಕ್ಟೋಬರಿನಲ್ಲಿ ಗುಡ್ಡ ಹಸಿರಾಗಿರುತ್ತದೆ, ಸೆಕೆ ಮಾತ್ರ ಹಿಂಡುತ್ತದೆ. ಮಾರ್ಚ್ ಕಳೆದ ಮೇಲೆ ನೆರಳಿಲ್ಲದ ಚಿರೆಕಲ್ಲಿನ ಬಯಲು ಕಾದ ಕಾವಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿ ಬೇಡವೇ ಬೇಡ: ಕಡಲು ಬಂಡೆಯ ಬುಡದವರೆಗೆ ಏರುತ್ತದೆ, ಗುಡ್ಡದ ಮಣ್ಣು ಸಡಿಲಾಗುತ್ತದೆ. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವ ಕಾಲ ಅದು. ಮೀನುಗಾರರೇ ದಡದಲ್ಲಿರುವಾಗ ನಡೆಯುವವರಿಗೆ ಅಲ್ಲಿ ಕೆಲಸವಿಲ್ಲ. ಮಹಾಶಿವರಾತ್ರಿಯ ವಾರ ಗೋಕರ್ಣದಲ್ಲಿ ಕೋಣೆ ಸಿಗುವುದು ಕಷ್ಟ. ಜಾತ್ರೆ ನೋಡಲೆಂದೇ ಹೋಗುವವರ ಮಾತು ಬೇರೆ.

ತಿಂಗಳಿಗಿಂತ ತಿಥಿ ಮುಖ್ಯ. ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ, ಆಮೇಲೆ ‘ದಾರಿಯೇ ಇರಲಿಲ್ಲ’ ಎಂದು ದೂರುತ್ತಾರೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ (ಉಬ್ಬರ), ಎರಡು ಇಳಿತ. ಒಂದು ಭರತದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ವೇಳೆ ದಿನಕ್ಕೆ ಸುಮಾರು 50 ನಿಮಿಷ ಹಿಂದೆ ಬೀಳುತ್ತ ಹೋಗುತ್ತದೆ, ಅಂದರೆ ಇವತ್ತು ಹತ್ತಕ್ಕೆ ಇಳಿತವಾದರೆ ನಾಳೆ ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ-ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಬಿದ್ದು ಏರಿಳಿತ ಜೋರಾಗುತ್ತದೆ, ಭರತ ಬರುವುದೂ ಮಧ್ಯಾಹ್ನಕ್ಕೆ ಹತ್ತಿರ. ಎಂದರೆ ಬಂಡೆ ದಾಟಬೇಕಾದ ಹೊತ್ತಿಗೇ ನೀರು ಅತಿ ಮೇಲೆ. ಅಷ್ಟಮಿಯ ಆಸುಪಾಸಿನಲ್ಲಿ ಇದು ತಿರುಗಿಬೀಳುತ್ತದೆ: ಏರಿಳಿತ ಸಣ್ಣದು, ಇಳಿತ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ನಡಿಗೆಗೆ ಇದೇ ಬೇಕಾದದ್ದು.

ಆದ್ದರಿಂದ ಗೋಡೆಯ ಕ್ಯಾಲೆಂಡರಿನಲ್ಲಿ ಅಷ್ಟಮಿ-ನವಮಿ ಹುಡುಕಿ, ಆ ಎರಡು ದಿನ ಹಿಡಿಯಿರಿ. ಶುಕ್ಲವೋ ಕೃಷ್ಣವೋ ನೋಡಬೇಕಿಲ್ಲ. ಇದು ಅಂದಾಜು ಮಾತ್ರ. ಹೊರಡುವ ಮುನ್ನ ಕಾರವಾರ ಬಂದರಿನ ಭರತ-ಇಳಿತದ ಕೋಷ್ಟಕದಲ್ಲಿ ನಿಖರ ವೇಳೆ ಖಚಿತಪಡಿಸಿಕೊಳ್ಳಿ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಅಲೆಗಳ ಎತ್ತರದ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಎತ್ತರದ ಅಲೆಗಳ ಎಚ್ಚರಿಕೆ ಇದ್ದರೆ ಆಕಾಶ ಎಷ್ಟೇ ತಿಳಿಯಾಗಿದ್ದರೂ ಹೋಗಬೇಡಿ. ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ಇಲ್ಲಿಗೆ ಗಾಳಿಯ ಸುಳಿವೇ ಇಲ್ಲದೆ ಬಂದು ಬಡಿಯುತ್ತದೆ.

ಡಿಸೆಂಬರಿನಲ್ಲಿ ಸೂರ್ಯಾಸ್ತ ಆರು ಗಂಟೆಯ ಆಸುಪಾಸು. ಮುಸ್ಸಂಜೆಯ ಬೆಳಕು ಅದರ ಮೇಲೆ ಇಪ್ಪತ್ತು-ಇಪ್ಪತ್ತೈದು ನಿಮಿಷ, ಅಷ್ಟೇ. ಎರಡೂ ದಿನ ಸಂಜೆ ನಾಲ್ಕೂವರೆಗೆ ಗುಡ್ಡದ ಕೆಲಸ ಮುಗಿದಿರಬೇಕು ಎಂದು ಇಟ್ಟುಕೊಳ್ಳಿ.

ಚೀಲದಲ್ಲಿ ಏನು, ಎಷ್ಟು

ಒಬ್ಬರಿಗೆ ದಿನಕ್ಕೆ 3 ಲೀಟರ್ ನೀರು. ಎರಡನೆಯ ದಿನ ಬೇಲೇಕಾನದಿಂದ ಓಂ ಬೀಚಿನವರೆಗೆ ಸಿಹಿನೀರು ಸಿಗುತ್ತದೆಂದು ನಂಬಿ ಹೋಗಬಾರದು. ಹಾಫ್ ಮೂನಿನ ಗುಡಿಸಲು ಅಂಗಡಿ ತೆರೆದಿದ್ದರೆ ಅದು ನಿಮ್ಮ ಪುಣ್ಯ. ಒಂದು ಲೀಟರಿಗೆ ಕೋಕಂ ಸಾರ, ಚಿಟಿಕೆ ಉಪ್ಪು, ಸ್ವಲ್ಪ ಬೆಲ್ಲ ಕಲಸಿಟ್ಟರೆ ಬೆವರಿಗೆ ಸರಿಹೋಗುತ್ತದೆ. ಓಆರ್‌ಎಸ್ ಪೊಟ್ಟಣ ಎರಡಾದರೂ ಇರಲಿ. ಬುತ್ತಿಗೆ ಮೊಸರನ್ನ ಬೇಡ, ಹನ್ನೊಂದು ಗಂಟೆಗೇ ಹುಳಿಯುತ್ತದೆ. ಅವಲಕ್ಕಿ, ಚಪಾತಿ-ಪಲ್ಯ, ಬಾಳೆಹಣ್ಣು, ಶೇಂಗಾ ಚಿಕ್ಕಿ ಸಾಕು.

ಕಾಲಿಗೆ ಏನು ಎಂಬುದೇ ದೊಡ್ಡ ಪ್ರಶ್ನೆ. ಹವಾಯಿ ಚಪ್ಪಲಿಯಲ್ಲಿ ಮರಳು ದಾಟಬಹುದು, ಗುಡ್ಡ ಇಳಿಯಲಾಗದು. ಚಿರೆಕಲ್ಲು (ದಕ್ಷಿಣ ಕನ್ನಡದವರ ಮುರಕಲ್ಲು) ಒಡೆದು ಬಟಾಣಿ ಗಾತ್ರದ ಗುಂಡು ಹರಳಾಗುತ್ತದೆ. ಇಳಿಜಾರಿನಲ್ಲಿ ಅದರ ಮೇಲೆ ಕಾಲಿಟ್ಟರೆ ಗೋಲಿಗಳ ಮೇಲೆ ಕಾಲಿಟ್ಟ ಹಾಗೆಯೇ. ದೊಡ್ಡ ಬೂಟು ಹಾಕಿದರೆ ಮರಳು, ನೀರು ಒಳಗೆ ತುಂಬಿ ಮಧ್ಯಾಹ್ನದೊಳಗೆ ಬೊಬ್ಬೆ. ಹಿಮ್ಮಡಿಗೆ ಪಟ್ಟಿ ಇರುವ, ಆಳ ಗೀರಿನ ರಬ್ಬರ್ ಅಟ್ಟೆಯ ಸ್ಯಾಂಡಲ್ ಅತ್ಯುತ್ತಮ. ತೆಳು ಕಾಲುಚೀಲ ಎರಡು ಜೊತೆ ಇದ್ದರೆ ಪಟ್ಟಿ ಉಜ್ಜಿದ ಕಡೆ ಹಾಕಿಕೊಳ್ಳಬಹುದು.

ಉಳಿದದ್ದು: ಅಗಲ ಅಂಚಿನ ಟೋಪಿ, ತುಂಬುತೋಳಿನ ಹತ್ತಿ ಅಂಗಿ, ತಲೆಗೆ ಕಟ್ಟುವ ಟಾರ್ಚು, ಸೀಟಿ, ಬ್ಯಾಂಡೇಜು, ಫೋನಿಗೆ ನೀರು ನುಗ್ಗದ ಚೀಲ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ; ಗುಡ್ಡಗಳ ಮರೆಯ ಬೀಚುಗಳಲ್ಲಿ ಸಿಗ್ನಲ್ ಬರುತ್ತದೆ, ಹೋಗುತ್ತದೆ. ದೋಣಿಗೆ ಚಿಲ್ಲರೆ ಬೇಕು. ಹಕ್ಕಿ ನೋಡುವ ಆಸೆ ಇದ್ದರೆ 8x42 ದುರ್ಬೀನು. ಅಳಿವೆಯಲ್ಲಿ ಅದಿಲ್ಲದಿದ್ದರೆ ಅರ್ಧ ನೋಟ ತಪ್ಪಿದಂತೆ.

ಮೊದಲ ದಿನ: ವನ್ನಳ್ಳಿಯಿಂದ ಅಘನಾಶಿನಿ

ಕುಮಟಾ ಪೇಟೆಯಿಂದ ವನ್ನಳ್ಳಿಗೆ ಆಟೋದಲ್ಲಿ ಹತ್ತು ನಿಮಿಷ. ಆಟೋದವರಿಗೆ ‘ಹೆಡ್ ಬಂದರ್’ ಎಂದರೂ ತಿಳಿಯುತ್ತದೆ. ಇಲ್ಲೊಂದು ಎಚ್ಚರಿಕೆ: ಕುಮಟಾದ ಹತ್ತಿರ ಇರುವುದು *ಕಡ್ಲೆ* ಬೀಚು, ಗೋಕರ್ಣದ ಹತ್ತಿರ ಇರುವುದು *ಕುಡ್ಲೆ* ಬೀಚು. ಫೋನಿನಲ್ಲಿ ಒಂದನ್ನು ಹೇಳಿ ಇನ್ನೊಂದಕ್ಕೆ ಗಾಡಿ ಕರೆಸಿಕೊಂಡ ಗುಂಪುಗಳಿಗೆ ಲೆಕ್ಕವಿಲ್ಲ. ಎರಡರ ನಡುವೆ ಇಡೀ ಅಳಿವೆ ಇದೆ.

ಆರೂವರೆ-ಏಳಕ್ಕೆ ನಡೆಯಲು ಶುರುಮಾಡಿ. ಈಗ ಇಲ್ಲಿ ಮೀನಿನ ದೋಣಿ, ಬಲೆ, ಸಂಜೆ ಗಾಳಿಗೆ ಬರುವ ಪೇಟೆಯವರು. ಆದರೆ 19ನೇ ಶತಮಾನದಲ್ಲಿ ಕುಮಟಾ ಹತ್ತಿ ರಫ್ತಿನ ಬಂದರು. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಇಲ್ಲಿಗೆ ಬಂದು ಹಡಗು ಹತ್ತುತ್ತಿತ್ತು. 1861–65ರ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಇತ್ತ ತಿರುಗಿದವು. ‘ಕುಮಟಾ ಹತ್ತಿ’ ಎಂಬ ಹೆಸರು ಹತ್ತಿಯ ಮಾರುಕಟ್ಟೆಯಲ್ಲಿ ಒಂದು ತಳಿಯ ಗುರುತಾಗಿ ಉಳಿಯಿತು. ಕುಮಟಾದಲ್ಲಿ ಅದು ಬೆಳೆದದ್ದಲ್ಲ, ಹಡಗು ಹತ್ತಿದ್ದು ಮಾತ್ರ.

ವನ್ನಳ್ಳಿ, ಮಂಗೋಡ್ಲು, ಕಡ್ಲೆ, ಹೀಗೆ ಉತ್ತರಕ್ಕೆ ಸಾಗುವಾಗ ಒಂದು ಬೀಚು, ಒಂದು ಬಂಡೆಮೂಲೆ, ಮತ್ತೊಂದು ಬೀಚು ಎಂಬ ಸರಣಿ. ಪ್ರತಿ ಮೂಲೆಯಲ್ಲೂ ಎರಡು ಆಯ್ಕೆ: ಬಂಡೆಯ ಬುಡದಲ್ಲಿ ಸುತ್ತುವುದು ಅಥವಾ ಮೇಲೆ ಹತ್ತಿ ಇಳಿಯುವುದು. ಯಾವುದೆಂದು ನಿರ್ಧರಿಸಲು ಬಂಡೆಯನ್ನೇ ಓದಿ. ಬಂಡೆಯ ಮೈಮೇಲೆ ಅಡ್ಡಪಟ್ಟೆಗಳಿರುತ್ತವೆ. ಕೆಳಗೆ ಹಸಿರು ಪಾಚಿ, ಅದರ ಮೇಲೆ ಸುಣ್ಣದ ಚುಕ್ಕಿಗಳಂತೆ ಅಂಟಿದ ಚೂಪು ಚಿಪ್ಪುಜೀವಿಗಳ ಪಟ್ಟೆ, ಅದರ ಮೇಲೆ ಕಪ್ಪು ಪಟ್ಟೆ, ಆಮೇಲೆ ಒಣ ಬಣ್ಣದ ಕಲ್ಲು. ಚಿಪ್ಪಿನ ಪಟ್ಟೆ ಎಲ್ಲಿಯವರೆಗಿದೆಯೋ ಅಲ್ಲಿಯವರೆಗೆ ನೀರು ದಿನವೂ ಬರುತ್ತದೆ. ಕಪ್ಪು ಪಟ್ಟೆ ಅಲೆ ಸಿಡಿಯುವ ಜಾಗ. ಒಣಗಿದ್ದಾಗ ಗಟ್ಟಿ, ಒದ್ದೆಯಾದರೆ ಎಣ್ಣೆ ಸುರಿದಂತೆ. ನಡೆಯಬಹುದಾದದ್ದು ಚಿಪ್ಪಿನ ಪಟ್ಟೆಯ ಒರಟು ಮೈ ಅಥವಾ ಕಪ್ಪಿನ ಮೇಲಿನ ಒಣಕಲ್ಲು. ಹಸಿರು, ಒದ್ದೆ ಕಪ್ಪು ಎರಡರ ಮೇಲೂ ಕಾಲಿಡಬೇಡಿ.

ಬುಡದಲ್ಲಿ ಸುತ್ತುವುದೆಂದು ತೀರ್ಮಾನಿಸುವ ಮುನ್ನ ಹತ್ತು ನಿಮಿಷ ಸುಮ್ಮನೆ ನಿಂತು ಅಲೆ ನೋಡಿ. ಅಲೆಗಳು ಗುಂಪಾಗಿ ಬರುತ್ತವೆ. ಏಳೆಂಟು ಸಣ್ಣವು, ಆಮೇಲೆ ಎರಡು-ಮೂರು ದೊಡ್ಡವು. ಎರಡು ನಿಮಿಷ ನೋಡಿ ‘ಶಾಂತವಾಗಿದೆ’ ಎಂದು ಇಳಿದವರನ್ನು ಹಿಡಿಯುವುದು ಆ ದೊಡ್ಡ ಗುಂಪು. ಅತಿ ದೊಡ್ಡ ಅಲೆ ಒದ್ದೆ ಮಾಡಿದ ಗೆರೆಗಿಂತ ಮೇಲೆ ದಾರಿ ಇಲ್ಲದಿದ್ದರೆ ಗುಡ್ಡ ಹತ್ತುವುದೇ ದಾರಿ. ಅದಕ್ಕೆ ಹದಿನೈದು ನಿಮಿಷ ಹೆಚ್ಚು ಬೇಕಾದೀತು, ಬೇಕಾಗಲಿ.

ಮಳೆ ಮುಗಿದ ಹೊಸದರಲ್ಲಿ ಸಣ್ಣ ಹಳ್ಳಗಳು ಮರಳ ದಿಬ್ಬ ಒಡೆದು ಕಡಲಿಗೆ ಸೇರಿರುತ್ತವೆ. ಕಿರಿದಾದ ಜಾಗದಲ್ಲಿ ದಾಟಲು ಮನಸ್ಸಾಗುತ್ತದೆ, ಆದರೆ ಕಿರಿದಾದಲ್ಲೇ ಆಳ. ನೀರು ಅಗಲವಾಗಿ ಹರಡಿದಲ್ಲಿ, ಇಳಿತದ ಹೊತ್ತಿಗೆ, ಚೀಲದ ಸೊಂಟಪಟ್ಟಿ ಬಿಚ್ಚಿಕೊಂಡು ದಾಟಿ. ಮೊಣಕಾಲಿಗಿಂತ ಮೇಲೆ ನೀರು, ಜೊತೆಗೆ ಸೆಳೆತ ಇದ್ದರೆ ಊರಿನ ಕಡೆ ಹೋಗಿ ಸೇತುವೆಯೋ ಸಂಕವೋ ಹುಡುಕಿ.

ಕಡ್ಲೆ, ಹೊಲನಗದ್ದೆ ದಾಟಿದ ಮೇಲೆ ನಿರ್ವಾಣ ಬೀಚು. ಗಾಳಿಮರದ ಸಾಲು, ಉದ್ದೋಉದ್ದ ಮರಳು, ಜನ ಕಡಿಮೆ. ಹೇಳಲು ಹೆಚ್ಚೇನಿಲ್ಲ, ನಡೆಯಲು ಬಹಳ ಇದೆ. ಇಲ್ಲಿ ಇಳಿತದ ಬೆಲೆ ಗೊತ್ತಾಗುತ್ತದೆ. ನೀರು ಈಗಷ್ಟೇ ಬಿಟ್ಟುಹೋದ ಒದ್ದೆ ಮರಳು ಸಿಮೆಂಟಿನಂತೆ ಗಟ್ಟಿ, ಗಂಟೆಗೆ 4 ಕಿ.ಮೀ. ಆರಾಮ. ಭರತದಲ್ಲಿ ಬಂದರೆ ಮೇಲಿನ ಸಡಿಲ ಮರಳಿನಲ್ಲಿ ಗಂಟೆಗೆ ಎರಡೂವರೆ ಕಿ.ಮೀ. ಸಾಗುವುದೂ ಕಷ್ಟ, ಮೀನಖಂಡ ಹಿಡಿದುಕೊಳ್ಳುತ್ತದೆ.

ಆ ಒದ್ದೆ ಮರಳಿನ ಮೇಲೆ ಒಮ್ಮೆ ಕುಕ್ಕರಗಾಲಲ್ಲಿ ಕುಳಿತು ನೋಡಿ. ಪೆನ್ಸಿಲ್ ಗಾತ್ರದ ತೂತು, ಸುತ್ತ ಸಾಸಿವೆಯಷ್ಟು, ಕೊತ್ತಂಬರಿ ಕಾಳಿನಷ್ಟು ಮರಳಿನ ಉಂಡೆಗಳು ಕಿರಣಗಳಂತೆ ಹರಡಿರುತ್ತವೆ. ಉಗುರಿಗಿಂತ ಸಣ್ಣ ಏಡಿಯೊಂದು ಮರಳನ್ನು ಬಾಯಿಗೆ ತುಂಬಿ, ಅದರಲ್ಲಿನ ಪಾಚಿ-ಕಸರು ತಿಂದು, ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ನೀರು ಇಳಿದ ಕೂಡಲೇ ಕೆಲಸ ಶುರು, ಏರಿ ಬಂದಾಗ ಎಲ್ಲ ಅಳಿಸಿ ಮತ್ತೆ ಮೊದಲಿಂದ. ಹಾಗಾಗಿ ಉಂಡೆ ವಿರಳವಾಗಿದ್ದರೆ ನೀರು ಈಗಷ್ಟೇ ಬಿಟ್ಟಿದೆ, ಒತ್ತೊತ್ತಾಗಿದ್ದರೆ ಬಿಟ್ಟು ಬಹಳ ಹೊತ್ತಾಗಿದೆ. ಕೋಷ್ಟಕ ಮರೆತು ಬಂದವರಿಗೆ ಇಷ್ಟಾದರೂ ಗಡಿಯಾರ. ಮೇಲಿನ ಒಣ ಮರಳಿನ ದೊಡ್ಡ ತೂತುಗಳು ಬೇರೆ ಏಡಿಯವು. ಕಣ್ಣು ಕಡ್ಡಿಯ ಮೇಲೆ ನಿಂತಂತಿರುವ, ಮರಳಿನದೇ ಬಣ್ಣದ, ಓಡಿದರೆ ಗಾಳಿಗೆ ಹಾರಿದ ಎಲೆಯಂತೆ ಕಾಣುವ ಜಾತಿ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಬೆಳಗಿನ ಹೊತ್ತು ಮರಳಿನ ಮೇಲೆ ಟ್ರ್ಯಾಕ್ಟರ್ ಗಾಲಿಯಂಥ ಗುರುತು ಕಡಲಿಂದ ಮೇಲೆ ಹೋಗಿ ಮರಳಿ ಇಳಿದಿದ್ದರೆ ಅದು ಆಲಿವ್ ರಿಡ್ಲಿ ಕಡಲಾಮೆಯದು. ಒಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ಗುರುತಿನ ಮೇಲೆ ನಡೆಯಬೇಡಿ, ಕೆದಕಬೇಡಿ. ಹತ್ತಿರದ ಮೀನುಗಾರರಿಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿದರೆ ಬೇಲಿ ಹಾಕುತ್ತಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು, ಮೊಟ್ಟೆ ಮುಟ್ಟಿದರೂ ಅಪರಾಧ.

ಬಾಡ, ಕಾಗಾಲದ ಹತ್ತಿರ ಮರಳು ಮುಗಿದು ಗುಡ್ಡ ಎದ್ದು ನಿಲ್ಲುತ್ತದೆ. ನದಿ ಕಡಲಿಗೆ ಸೇರುವ ಮೂಲೆಯನ್ನು ಕೆಳಗಿನಿಂದ ಸುತ್ತುವ ಸಾಹಸ ಬೇಡ. ಅಲ್ಲಿ ಅಲೆಯೂ ನದಿಯ ಓಟವೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಊರಿನ ದಾರಿ ಕೇಳಿಕೊಂಡು ಅಘನಾಶಿನಿ ಹಳ್ಳಿಯ ದಕ್ಕೆಗೆ (ದೋಣಿ ನಿಲ್ಲುವ ಕಟ್ಟೆಗೆ) ಇಳಿಯಿರಿ. ಮಧ್ಯಾಹ್ನ ಎರಡರಿಂದ ಮೂರರೊಳಗೆ ಅಲ್ಲಿದ್ದರೆ ನಿಮ್ಮ ದಿನ ಸರಿಯಾಗಿ ನಡೆದಿದೆ.

ಅಳಿವೆ ದಾಟುವುದು

ಶಿರಸಿ ಕಡೆಯ ಘಟ್ಟದಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಬರುವ ಅಘನಾಶಿನಿಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಅಳಿವೆಯ ಬದುಕೆಲ್ಲ ನಿಂತಿರುವುದು ಅದರ ಮೇಲೆ: ಮೇಲಿಂದ ಸಿಹಿನೀರು, ಕೆಳಗಿಂದ ಉಪ್ಪುನೀರು, ದಿನಕ್ಕೆರಡು ಸಲ ಬೆರಕೆ. 2024ರ ಜನವರಿಯಲ್ಲಿ ಇದು ರಾಮ್ಸರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿತು. ಬಹಳ ಕಾಲದಿಂದ ಇಲ್ಲಿನವರಿಗೆ ಇದು ಬಳಚಿನ (ತಿನ್ನುವ ಚಿಪ್ಪುಜೀವಿಯ) ಹೊಳೆ. ಇಳಿತದಲ್ಲಿ ಸೊಂಟಮಟ್ಟ ನೀರಿಗಿಳಿದು, ಕಾಲಿನಿಂದಲೇ ತಡಕಿ ಚಿಪ್ಪು ಎತ್ತುವ ಹೆಂಗಸರು ಗಂಡಸರು ಕಾಣಿಸುತ್ತಾರೆ. ಒಳಗಡೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ, ಅಂಚಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಗೋಕರ್ಣದ ಮಗ್ಗುಲಲ್ಲಿ ಸಾಣಿಕಟ್ಟಾದ ಉಪ್ಪಿನಾಗರ.

ತದಡಿಗೆ ಹೋಗುವ ದೋಣಿಯಲ್ಲಿ ಜನ, ಬೈಕು, ಮೀನಬುಟ್ಟಿ ಎಲ್ಲ ಒಟ್ಟಿಗೆ. ವೇಳಾಪಟ್ಟಿ ನಂಬುವ ಬದಲು ಬೆಳಗ್ಗೆಯೇ ಯಾರಾದರೂ ಸ್ಥಳೀಯರಲ್ಲಿ ಕೊನೆಯ ದೋಣಿ ಎಷ್ಟಕ್ಕೆ ಎಂದು ಕೇಳಿ, ಅದಕ್ಕಿಂತ ಎರಡು ಗಂಟೆ ಮುಂಚೆ ತಲುಪುವ ಹಾಗೆ ನೋಡಿಕೊಳ್ಳಿ. ದೋಣಿ ತಪ್ಪಿದರೆ ಸೇತುವೆ ಸುತ್ತಿ ಬರಬೇಕು, ಅದು ಹೆದ್ದಾರಿಯವರೆಗೆ ಹೋಗುವ ಕೆಲಸ. ಇಳಿತದಲ್ಲಿ ದಕ್ಕೆಯ ಕೆಳಗಿನ ಮೆಟ್ಟಿಲು ಹೊರಬಿದ್ದು ಪಾಚಿಗಟ್ಟಿರುತ್ತವೆ. ಇಡೀ ದಿನ ಬಂಡೆಯಲ್ಲಿ ಬೀಳದವರು ಇಲ್ಲಿ ಬೀಳುತ್ತಾರೆ.

ಇಳಿತಕ್ಕೂ ಹಕ್ಕಿಗೂ ನಂಟಿದೆ. ಕೆಸರು ಹೊರಬಿದ್ದಷ್ಟು ಹೊತ್ತೂ ಬೆಳ್ಳಕ್ಕಿ, ಗೊರವ, ಉಲ್ಲಂಕಿ, ಚಳಿಗಾಲಕ್ಕೆ ಬಂದ ಕಡಲಕ್ಕಿಗಳು ಮೇಯುತ್ತಿರುತ್ತವೆ. ಮೇಲೆ ಗರುಡ ಸದಾ ಇದ್ದದ್ದೇ. ಅದಕ್ಕಿಂತ ದೊಡ್ಡದು, ಹೊಟ್ಟೆ ಅಚ್ಚ ಬಿಳಿ, ರೆಕ್ಕೆ ‘ವಿ’ ಆಕಾರದಲ್ಲಿ ಎತ್ತಿ ತೇಲಿದರೆ ಬಿಳಿಹೊಟ್ಟೆಯ ಕಡಲಹದ್ದು. ಕಾಂಡ್ಲಾ ಬೇರುಗಳ ಬಳಿ ಒಂದೇ ಕೊಂಬು ದೊಡ್ಡದಾದ ಏಡಿಗಳು ಅದನ್ನು ಆಡಿಸುತ್ತಿರುತ್ತವೆ, ಅವು ಗಂಡು. ನೀರುನಾಯಿಗಳೂ ಈ ಹೊಳೆಯಲ್ಲಿವೆ; ಕಾಣಲು ಅದೃಷ್ಟ ಬೇಕು, ಗದ್ದಲವಿಲ್ಲದ ಮುಂಜಾವು ಬೇಕು.

ಮಿರ್ಜಾನ ಕೋಟೆಗೆ ಅರ್ಧ ದಿನ

ನಡಿಗೆಯ ದಾರಿಯಲ್ಲಿ ಕೋಟೆ ಸಿಗುವುದಿಲ್ಲ. ಅಳಿವೆಯ ಮೇಲ್ಭಾಗದಲ್ಲಿ, ಕುಮಟಾದಿಂದ ಸುಮಾರು 11 ಕಿ.ಮೀ. ದೂರದಲ್ಲಿ, ಹೆದ್ದಾರಿ 66ರಿಂದ ಸ್ವಲ್ಪವೇ ಒಳಗಿದೆ. ಆದರೆ ಅಳಿವೆ ಯಾಕೆ ಮುಖ್ಯವಾಗಿತ್ತೆಂದು ತಿಳಿಯಬೇಕಾದರೆ ಇದನ್ನು ನೋಡಲೇಬೇಕು. ನಡಿಗೆಯ ಹಿಂದಿನ ದಿನ ಕುಮಟಾಕ್ಕೆ ಬಂದವರು ಮಧ್ಯಾಹ್ನದ ಮೇಲೆ ಹೋಗಿಬರಬಹುದು.

ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನೊಡನೆ ಬೆಸೆದ ಕೋಟೆ ಇದು. ಆಕೆಯ ಆಳ್ವಿಕೆ 1552ರಿಂದ 1606 ಎಂದು ಗುರುತಿಸುತ್ತಾರೆ. ಘಟ್ಟದ ಕಾಳುಮೆಣಸಿನ ವ್ಯಾಪಾರ ಆಕೆಯ ಕೈಯಲ್ಲಿತ್ತು, ಪೋರ್ಚುಗೀಸರು ‘ರೈನಾ ದ ಪಿಮೆಂಟಾ’, ಮೆಣಸಿನ ರಾಣಿ ಎಂದೇ ಕರೆದರು. ಮೆಣಸು ಇಲ್ಲಿಂದ ಹೊಳೆಯಲ್ಲಿ ಇಳಿದು, ನೀವು ದೋಣಿಯಲ್ಲಿ ದಾಟುವ ಅದೇ ಬಾಯಿಯಿಂದ ಕಡಲಿಗೆ ಹೋಗುತ್ತಿತ್ತು. ಪುರಾತತ್ವ ಇಲಾಖೆಯ ಉತ್ಖನನದಲ್ಲಿ ಚೀನಾ ಪಿಂಗಾಣಿಯ ಚೂರುಗಳು, ಪೋರ್ಚುಗೀಸ್ ಚಿನ್ನದ ನಾಣ್ಯ ಸಿಕ್ಕವು.

ಒಳಗೆ ಹೋದಾಗ ಸುತ್ತು ಹೊಡೆಯುವ ಕ್ರಮ ಇಟ್ಟುಕೊಳ್ಳಿ: ಮೊದಲು ಹೊರಗಿನ ಕಂದಕ, ಆಮೇಲೆ ಬಾಗಿಲು, ಬುರುಜು, ಬಾವಿ, ಕೊನೆಗೆ ಗೋಡೆಯ ಮೇಲೆ. ಕಂದಕದಿಂದಲೇ ಕಲ್ಲು ಕಡಿದು ಗೋಡೆ ಎಬ್ಬಿಸುವುದು ಚಿರೆಕಲ್ಲಿನ ನಾಡಿನ ಜಾಣತನ. ನೆಲದೊಳಗೆ ಮೆತ್ತಗೆ, ಗಾಳಿಗೆ ಬಿದ್ದಷ್ಟೂ ಗಟ್ಟಿ. ಮಳೆಗಾಲದಲ್ಲಿ ಗೋಡೆಯೆಲ್ಲ ಹಾವಸೆ ಹಿಡಿದು ಹಸಿರಾಗುತ್ತದೆ. ಫೋಟೋಕ್ಕೆ ಚೆಂದ, ಮೆಟ್ಟಿಲಿಗೆ ಅಪಾಯ. ಬಾವಿಗಳ ಅಂಚಿಗೆ ಮಕ್ಕಳನ್ನು ಬಿಡಬೇಡಿ.

ಎರಡನೆಯ ದಿನ: ತದಡಿಯಿಂದ ಗೋಕರ್ಣ

ಬೆಳಗಿನ ಏಳೂವರೆಯೊಳಗೆ ತದಡಿಯಲ್ಲಿರಿ. ಮೀನು ಬಂದರಿನ ಗಲಾಟೆ ದಾಟಿ ಬೇಲೇಕಾನಕ್ಕೆ ಹೋಗುವ ದಾರಿ ಹಿಡಿಯಿರಿ. ಬೇಲೇಕಾನ ಬೀಚಿನ ಉತ್ತರ ತುದಿಯಿಂದ ಗುಡ್ಡದ ದಾರಿ ಮೇಲೇರುತ್ತದೆ. ಇಲ್ಲಿಂದ ಮುಂದೆ ಕ್ರಮ ಹೀಗೆ: ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಗೋಕರ್ಣ. ಒಂದರಿಂದ ಇನ್ನೊಂದಕ್ಕೆ ಇಪ್ಪತ್ತರಿಂದ ನಲವತ್ತು ನಿಮಿಷ. ಕೇಳಲು ಕಡಿಮೆ, ಆದರೆ ಐದು ಸಲ ಹತ್ತಬೇಕು, ಐದು ಸಲ ಇಳಿಯಬೇಕು.

ಪ್ಯಾರಡೈಸ್ ಸಣ್ಣದು, ಬಂಡೆಗಳಿಂದ ತುಂಡುತುಂಡಾದದ್ದು. ರಾತ್ರಿ ಉಳಿಯುವ ಲೆಕ್ಕ ಇಲ್ಲಿ ಬೇಡ. ಇಲ್ಲಿಂದ ಹಾಫ್ ಮೂನಿಗೆ ಹೋಗುವ ದಾರಿ ಗುಡ್ಡದ ಪಕ್ಕೆಯಲ್ಲಿ, ಕೆಲವೆಡೆ ಎಡಗಡೆಗೆ ನೇರ ಬಂಡೆ, ಕೆಳಗೆ ಕಡಲು. ತಪ್ಪುವುದು ಇಲ್ಲೇ. ಗುಡ್ಡದ ಮೇಲೆ ದನ ಓಡಾಡಿದ ದಾರಿ, ಫೋಟೋಕ್ಕೆ ಅಂಚಿಗೆ ಹೋದವರ ದಾರಿ, ನಿಜವಾದ ದಾರಿ ಎಲ್ಲ ಒಂದರ ಮೇಲೊಂದು. ನಿಯಮ ಸರಳ: ಎರಡು ದಾರಿ ಕಂಡರೆ ಕಡಲಿನಿಂದ ದೂರದ್ದನ್ನು, ಮೇಲಿನದನ್ನು ಹಿಡಿಯಿರಿ. ಕೆಳಗಿನದು ಒಂದು ಕಲ್ಲಿನ ತುದಿಯಲ್ಲಿ ಮುಗಿಯುವ ಸಂಭವ ಹೆಚ್ಚು. ಐದು ನಿಮಿಷ ನಡೆದರೂ ಚಪ್ಪಲಿ ಗುರುತು, ಸವೆದ ಕಲ್ಲು ಕಾಣದಿದ್ದರೆ ಮುಂದೆ ಹೋಗದೆ ಹಿಂದಿರುಗಿ. ಇಳಿಯುವಾಗ ಹೆಜ್ಜೆ ಚಿಕ್ಕದು, ಮೊಣಕಾಲು ಸ್ವಲ್ಪ ಬಾಗಿ, ಪಾದ ಪೂರ್ತಿ ನೆಲಕ್ಕೆ. ಹಿಮ್ಮಡಿ ಮೊದಲು ಊರಿದರೆ ಹರಳುಕಲ್ಲು ಉರುಳುತ್ತದೆ. ಹಿಡಿದುಕೊಳ್ಳಲು ಪೊದೆಗೆ ಕೈಹಾಕುವ ಮುನ್ನ ನೋಡಿ; ಮುಳ್ಳೂ ಇರುತ್ತದೆ, ಬಿಸಿಲು ಕಾಯಿಸುವ ಹಾವೂ ಇರಬಹುದು.

ಈ ಗುಡ್ಡದ ತುದಿಗಳೇ ಡಾಲ್ಫಿನ್ ನೋಡಲು ಒಳ್ಳೆಯ ಜಾಗ. ನಮ್ಮ ದಡದ ಹತ್ತಿರ ಕಾಣುವುದು ಬೆನ್ನಿನ ಮೇಲೆ ಗೂನು ಇರುವ ಜಾತಿ. ಬೆಳಗಿನ ಕಡಲು ಗಾಜಿನಂತಿದ್ದಾಗ ಹತ್ತು ಗಂಟೆಯೊಳಗೆ ಹುಡುಕಿ. ಗಾಳಿ ಎದ್ದು ಬಿಳಿನೊರೆ ಶುರುವಾದ ಮೇಲೆ ಎಲ್ಲವೂ ಡಾಲ್ಫಿನ್‌ನಂತೆಯೇ ಕಾಣುತ್ತದೆ. ಕಡಲಿಗೆ ಮುಳುಗುವ ಹಕ್ಕಿಗಳ ಗುಂಪು ಇದ್ದಲ್ಲಿ ಕಣ್ಣಿಡಿ, ಕೆಳಗೆ ಮೀನು ಇದೆಯೆಂದರೆ ಅವೂ ಇರಬಹುದು.

ಓಂ ಬೀಚಿಗೆ ಆ ಹೆಸರು ಬಂದದ್ದು ಮೇಲಿನಿಂದ ನೋಡಿದರೆ ಎರಡು ಅರ್ಧಚಂದ್ರ ಸೇರಿ ‘ಓಂ’ ಅಕ್ಷರದಂತೆ ಕಾಣುವುದರಿಂದ. ಕೆಳಗೆ ನಿಂತವರಿಗೆ ಅಕ್ಷರ ಕಾಣುವುದಿಲ್ಲ, ಅದಕ್ಕೆ ಗುಡ್ಡದ ಮೇಲೆಯೇ ಫೋಟೋ ತೆಗೆದುಕೊಂಡು ಇಳಿಯಿರಿ. ನಡುವೆ ಕಡಲಿಗೆ ಚಾಚಿದ ಬಂಡೆಯ ಮೇಲೆ ಸೆಲ್ಫಿಗೆ ಹೋಗುವವರೇ ಇಲ್ಲಿ ಹೆಚ್ಚಾಗಿ ಅಪಾಯಕ್ಕೆ ಸಿಗುವವರು. ಊಟ, ನೀರು, ನೆರಳು ಸಿಗುವ ಜಾಗ ಇದು. ಮಧ್ಯಾಹ್ನದ ಬಿಸಿಲು ಇಲ್ಲೇ ಕಳೆಯಿರಿ. ಇಲ್ಲಿಂದ ಕುಡ್ಲೆಗೆ ದಾರಿ ಸ್ಪಷ್ಟ, ಕುಡ್ಲೆಯಿಂದ ಗೋಕರ್ಣಕ್ಕೆ ಇನ್ನೂ ಸ್ಪಷ್ಟ.

ಈಜುವವರಿಗೆ, ಮತ್ತು ಏನಾದರೂ ಆದಾಗ

‘ಸುಳಿ ಎಳೆದುಕೊಂಡು ಹೋಯಿತು’ ಎನ್ನುತ್ತಾರೆ. ಬಹುಪಾಲು ಅದು ಸುಳಿಯಲ್ಲ, ಹೊರಸೆಳೆತ. ಕೆಳಗೆ ಎಳೆಯುವುದಿಲ್ಲ, ಕಡಲಿನ ಕಡೆ ಒಯ್ಯುತ್ತದೆ. ಅಲೆ ತಂದ ನೀರು ವಾಪಸು ಹೋಗಲು ಹಿಡಿಯುವ ಓಣಿ ಅದು. ಗುರುತಿಸುವುದು ಹೀಗೆ: ಎರಡೂ ಪಕ್ಕ ಅಲೆ ಒಡೆದು ಬಿಳಿಯಾಗಿದ್ದು ನಡುವೆ ಒಂದು ಪಟ್ಟೆ ಮಾತ್ರ ಒಡೆಯದೆ ಕಪ್ಪಗೆ, ಕದಡಿದಂತೆ, ‘ಶಾಂತವಾಗಿ’ ಕಾಣುತ್ತದೆ. ಹೊಸಬರು ಅದನ್ನೇ ಸುರಕ್ಷಿತ ಎಂದು ಆರಿಸಿಕೊಳ್ಳುತ್ತಾರೆ. ಬೀಚಿನ ಎರಡು ತುದಿಗಳಲ್ಲಿ ಬಂಡೆಗೆ ತಾಗಿದಂತೆ ಇದು ಹೆಚ್ಚು. ಈ ದಾರಿಯ ಬೀಚುಗಳೆಲ್ಲ ತುದಿಯಲ್ಲಿ ಬಂಡೆ ಇರುವಂಥವೇ. ಸಿಕ್ಕಿಬಿದ್ದರೆ ದಡದ ಕಡೆ ನೇರ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಆಮೇಲೆ ಅಲೆಯೊಡನೆ ಬನ್ನಿ. ಈಜಲಾಗದಿದ್ದರೆ ತೇಲಿಕೊಂಡು ಕೈ ಎತ್ತಿ. ಜೀವರಕ್ಷಕರಿರುವ ಗೋಕರ್ಣ, ಕುಡ್ಲೆ, ಓಂ ಬಿಟ್ಟು ಬೇರೆಡೆ ಮೊಣಕಾಲಿಗಿಂತ ಆಳಕ್ಕೆ ಹೋಗದಿರುವುದೇ ಸರಿ.

ಲೋಳೆಮೀನು (ಜೆಲ್ಲಿಫಿಶ್) ತಾಗಿ ಉರಿ ಎದ್ದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಅಂಟಿದ ಕೋಶಗಳು ಇನ್ನಷ್ಟು ಸಿಡಿಯುತ್ತವೆ. ಕಡಲ ನೀರಿನಲ್ಲೇ ತೊಳೆದು, ಉಳಿದ ಎಳೆಯನ್ನು ಕಡ್ಡಿಯಿಂದ ತೆಗೆಯಿರಿ. ಆಳವಿಲ್ಲದ ಕೆಸರುಮಿಶ್ರ ನೀರಿನಲ್ಲಿ ಬಾಲದಲ್ಲಿ ಮುಳ್ಳಿರುವ ತೊರಕೆ ಮೀನು ಮರಳು ಹೊದ್ದು ಮಲಗಿರುತ್ತದೆ. ಕಾಲೆತ್ತಿ ಇಡದೆ ಉಜ್ಜುತ್ತ ನಡೆದರೆ ಅದು ಮೊದಲೇ ಸರಿದುಹೋಗುತ್ತದೆ. ಚುಚ್ಚಿದರೆ ತಾಳಬಹುದಾದಷ್ಟು ಬಿಸಿ ನೀರಿನಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಕಾಲಿಟ್ಟರೆ ನೋವು ಇಳಿಯುತ್ತದೆ, ಆಮೇಲೆ ಆಸ್ಪತ್ರೆ. ಬಲೆಯಿಂದ ಬಿದ್ದು ದಡದಲ್ಲಿ ಸತ್ತಂತೆ ಬಿದ್ದಿರುವ ಚಪ್ಪಟೆ ಬಾಲದ ಹಾವು ಕಡಲಹಾವು, ವಿಷ ಭಾರೀ, ಕೋಲಿನಿಂದಲೂ ಕೆಣಕಬೇಡಿ.

ಬಿಸಿಲಿನ ಹೊಡೆತ ಎಲ್ಲಕ್ಕಿಂತ ಸಾಮಾನ್ಯ. ಬೆವರುವುದು ನಿಂತು, ಮಾತು ತಡವರಿಸಿದರೆ ನಡಿಗೆ ಅಲ್ಲಿಗೇ ಮುಗಿಯಿತೆಂದು ತಿಳಿಯಿರಿ. ನೆರಳು, ತಲೆ-ಕಂಕುಳಿಗೆ ಒದ್ದೆ ಬಟ್ಟೆ, ಕೂಡಲೇ ಸಹಾಯ. 112 ಎಲ್ಲಕ್ಕೂ, 108 ಆಂಬುಲೆನ್ಸ್‌ಗೆ, ಕಡಲಿನಲ್ಲಿ ಸಿಕ್ಕಿಬಿದ್ದವರಿಗಾಗಿ ಕರಾವಳಿ ಕಾವಲು ಪಡೆಯ 1554. ಹಾಫ್ ಮೂನ್, ಪ್ಯಾರಡೈಸ್‌ಗಳಿಗೆ ವಾಹನ ಬರುವುದಿಲ್ಲ. ಅಲ್ಲಿಂದ ಗಾಯಾಳುವನ್ನು ಸಾಗಿಸಲು ಓಂ ಬೀಚಿನಿಂದ ದೋಣಿ ಕರೆಸುವುದೇ ಬೇಗದ ಉಪಾಯ. ಓಂ ಬೀಚಿನ ದೋಣಿಯವರೊಬ್ಬರ ನಂಬರನ್ನು ಹಿಂದಿನ ಸಂಜೆಯೇ ತೆಗೆದಿಟ್ಟುಕೊಂಡಿರಿ.

ಮುಗಿಸುವ ತುದಿ

ಕುಡ್ಲೆಯಿಂದ ಗುಡ್ಡ ಹತ್ತಿ ಗೋಕರ್ಣದ ಕಡೆ ಇಳಿಯುವಲ್ಲಿ ರಾಮತೀರ್ಥ ಸಿಗುತ್ತದೆ. ಕಡಲಿಗೆ ಇಷ್ಟು ಹತ್ತಿರದಲ್ಲೂ ಗುಡ್ಡದಿಂದ ಸಿಹಿನೀರು ಸೋರಿ ಬರುತ್ತದೆ. ಮೇಲಿನ ಚಿರೆಕಲ್ಲು ಸ್ಪಂಜಿನಂತೆ ಮಳೆ ಕುಡಿದು, ಕೆಳಗಿನ ಗಟ್ಟಿ ಪದರ ತಾಗಿದಲ್ಲಿ ಅದನ್ನು ಹೊರಬಿಡುತ್ತದೆ. ಮಳೆಗಾಲದಲ್ಲಿ ಈ ಗುಡ್ಡ ಕುಸಿಯುವುದಕ್ಕೂ ಅದೇ ಕಾರಣ. ಕಾಲಿನ ಉಪ್ಪು ಇಲ್ಲಿ ತೊಳೆದುಕೊಳ್ಳಿ, ಸೋಪು ಹಾಕಬೇಡಿ, ಜನ ತೀರ್ಥವೆಂದು ಕುಡಿಯುವ ನೀರು ಅದು.

ಮಹಾಬಲೇಶ್ವರ ದೇವಸ್ಥಾನಕ್ಕೆ ಹೋಗುವವರು ಮೊದಲು ಬಟ್ಟೆ ಬದಲಿಸಿ. ಚಡ್ಡಿ, ಒದ್ದೆ ಬಟ್ಟೆಯಲ್ಲಿ ಒಳಗೆ ಬಿಡುವುದಿಲ್ಲ, ಗಂಡಸರು ಅಂಗಿ ತೆಗೆಯಬೇಕು. 1665ರಲ್ಲಿ ಬಸ್ರೂರಿನ ದಾಳಿ ಮುಗಿಸಿ ಮರಳುವಾಗ ಶಿವಾಜಿ ಶಿವರಾತ್ರಿಯ ಸ್ನಾನಕ್ಕೆ ಬಂದದ್ದು ಈ ದಡಕ್ಕೇ. ದೇವಸ್ಥಾನದ ಹಿಂದೆ ಕೋಟಿತೀರ್ಥದ ಮೆಟ್ಟಿಲುಗಳಲ್ಲಿ ಸಂಜೆ ಕೂರಲು ಜಾಗವಿದೆ, ಆದರೆ ಅಲ್ಲಿನ ಪಾಚಿಗೂ ದಕ್ಕೆಯ ಪಾಚಿಗೂ ವ್ಯತ್ಯಾಸವಿಲ್ಲ.

ರೈಲು ಹಿಡಿಯುವವರು ಗಮನಿಸಿ: ಗೋಕರ್ಣ ರೋಡ್ ನಿಲ್ದಾಣ ಊರೊಳಗಿಲ್ಲ, ಹತ್ತಿರ ಹತ್ತಿರ 10 ಕಿ.ಮೀ. ಆಚೆ. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ. ನಿಮ್ಮದು ನಿಲ್ಲದಿದ್ದರೆ ಕುಮಟಾ ಅಥವಾ ಅಂಕೋಲಾಕ್ಕೆ ಬಸ್ಸು ಹಿಡಿಯಬೇಕು, ಅದಕ್ಕೆ ಒಂದೂವರೆ ಗಂಟೆ ಕೈಯಲ್ಲಿಟ್ಟುಕೊಳ್ಳಿ.